ಸೈರನ್ ಯಾರಿಗೆ ಕೂಗಬೇಕು?

ಬಾಸೆಲ್‌ಗೆ ಬಂದ ಮೊದಲ ಚಳಿಗಾಲ. ಫೆಬ್ರವರಿಯ ಮೊದಲ ಬುಧವಾರ, ಮಧ್ಯಾಹ್ನ 1.30. ಊರಿನ ಸೈರನ್‌ಗಳೆಲ್ಲ ಒಟ್ಟಿಗೆ ಊಳಿಡತೊಡಗಿದವು. ನಾನು ಊಟದ ಡಬ್ಬಿ ಬಿಟ್ಟು ಎದ್ದು ನಿಂತೆ. ಜೊತೆಗಿದ್ದವರು ಆರಾಮಾಗಿ ಬ್ರೆಡ್ ತಿನ್ನುತ್ತಿದ್ದರು. ಸ್ವಿಟ್ಜರ್ಲೆಂಡ್ ಪೂರ್ತಿ ವರ್ಷಕ್ಕೊಮ್ಮೆ ಹೀಗೆ ಕೂಗಿಸಿ ನೋಡುತ್ತಾರಂತೆ. ನಿಜಕ್ಕೂ ಕೂಗಿದರೆ ರೇಡಿಯೋ ಹಾಕಬೇಕು, ಪಕ್ಕದ ಮನೆಯವರಿಗೂ ಹೇಳಬೇಕು.

ನನ್ನೂರು ಮಂಗಳೂರಿನ ಕೈಗಾರಿಕಾ ಪ್ರದೇಶ ಬೈಕಂಪಾಡಿ ಹತ್ತಿರ. ನಮಗೂ ಸೈರನ್ ಹೊಸದಲ್ಲ. ಆದರೆ ಅದು ಶಿಫ್ಟಿನವರಿಗೆ. ಅಮ್ಮ ಅದನ್ನು ಕೇಳಿ ಕುಕ್ಕರ್ ಇಡುತ್ತಿದ್ದರು. ಒಂದು ಬೇಸಿಗೆಯಲ್ಲಿ ಮನೆ ಹಿಂದಿನ ತೋಡಿನ ನೀರು ಕಪ್ಪಾಗಿ, ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಆ ದಿನ ಯಾವ ಸೈರನ್ನೂ ಕೂಗಲಿಲ್ಲ. ಏನು ಬಿಟ್ಟರು, ಯಾರು ಬಿಟ್ಟರು, ಇವತ್ತಿಗೂ ನಮಗೆ ಗೊತ್ತಿಲ್ಲ.

ಇಲ್ಲಿಯವರೇನು ಹುಟ್ಟಾ ಜಾಣರಲ್ಲ. 1986ರ ನವೆಂಬರ್ 1, ಊರಲ್ಲಿ ನಾವು ರಾಜ್ಯೋತ್ಸವ ಮಾಡುವ ದಿನ. ಮಧ್ಯರಾತ್ರಿ ದಾಟಿದ ಹೊತ್ತಿಗೆ ಬಾಸೆಲ್ ಪಕ್ಕದ ಶ್ವೈಟ್ಸರ್‌ಹಾಲೆಯಲ್ಲಿ ಸ್ಯಾಂಡೋಜ್ ಕಂಪನಿಯ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಸುಮಾರು 1,350 ಟನ್ ರಾಸಾಯನಿಕ, ಹೆಚ್ಚಿನದು ಕೀಟನಾಶಕ. ಕೊಳೆತ ಮೊಟ್ಟೆಯಂಥ ನಾತ ಊರೆಲ್ಲ ಹಬ್ಬಿತು. ಕಿಟಕಿ ಮುಚ್ಚಿ, ಹೊರಗೆ ಬರಬೇಡಿ ಅಂದರು. ಬೆಳಗಾಗುವಷ್ಟರಲ್ಲಿ ಬೆಂಕಿ ಆರಿತು. ಆದರೆ ಆರಿಸಲು ಸುರಿದ ನೀರೇ ವಿಷವನ್ನೆಲ್ಲ ತೊಳೆದುಕೊಂಡು ರೈನ್ ನದಿಗೆ ಹೋಯಿತು. ಗೋದಾಮಿನಲ್ಲಿದ್ದ ಬಣ್ಣವೂ ಸೇರಿ ನದಿ ಕೆಂಪಾಯಿತು. ಕೆಳಗೆ ಸುಮಾರು 400 ಕಿಲೋಮೀಟರ್‌ವರೆಗೆ ಹಾವುಮೀನುಗಳು ಸತ್ತು ತೇಲಿದವು. ನದಿ ಹರಿಯುವ ಪಕ್ಕದ ದೇಶಗಳಿಗೆ ಸುದ್ದಿಯೂ ತಡವಾಗಿ ಮುಟ್ಟಿತು.

ಬೆಂಕಿ ಆರಿಸಿದ ನೀರು ಎಲ್ಲಿಗೆ ಹೋಗುತ್ತದೆ? ಇಷ್ಟು ಸರಳ ಪ್ರಶ್ನೆಯನ್ನು ಅಲ್ಲಿಯವರೆಗೆ ಸರಿಯಾಗಿ ಕೇಳಿಕೊಂಡಿರಲಿಲ್ಲ, ನೋಡಿ. ಆಮೇಲೆ ಅದನ್ನು ಹಿಡಿದಿಡಲೆಂದೇ ದೊಡ್ಡ ತೊಟ್ಟಿಗಳನ್ನು ಕಟ್ಟಿಸಿದರು. 1991ರಲ್ಲಿ ಇಂಥ ಅವಘಡಗಳಿಗೆಂದೇ ಕಾಯಿದೆ ಬಂತು. ನದಿ ಬಾಸೆಲ್ ದಾಟುವಲ್ಲಿ, ವೈಲ್ ಆಮ್ ರೈನ್ ಎಂಬಲ್ಲಿ, ನೀರು ಪರೀಕ್ಷಿಸುವ ಕೇಂದ್ರವೇ ಇದೆ. ಈಗ ಬೇಸಿಗೆಯಲ್ಲಿ ಜನ ಬಟ್ಟೆಯನ್ನು ಮೀನಿನಾಕಾರದ ಚೀಲಕ್ಕೆ ತುರುಕಿ ಅದೇ ನದಿಯಲ್ಲಿ ತೇಲುತ್ತಾರೆ. ನಾನೂ ತೇಲಿದ್ದೇನೆ, ಕುಡಿಯದಂತೆ ಬಾಯಿ ಬಿಗಿ ಹಿಡಿದು!

ಕಾಗದದಲ್ಲಿ ನಾವೇನೂ ಕಡಿಮೆ ಇಲ್ಲ. ಭೋಪಾಲ್ ಆದಮೇಲೆ, 1989ರಲ್ಲೇ, ಅಪಾಯಕಾರಿ ರಾಸಾಯನಿಕಗಳ ನಿಯಮ ಬಂದಿದೆ. ದೊಡ್ಡ ಅಪಾಯ ಇರುವ ಕಾರ್ಖಾನೆಗಳಿಗೆ ಗೇಟಿನ ಆಚೆಯ ಜನರ ಲೆಕ್ಕದಲ್ಲೂ ತುರ್ತು ಯೋಜನೆ ಬೇಕು, ವರ್ಷಕ್ಕೊಮ್ಮೆ ಅದರ ಅಣಕು ಕಾರ್ಯಾಚರಣೆ ನಡೆಯಬೇಕು. ನಾನು ಅಲ್ಲಿ ಬೆಳೆದ ಅಷ್ಟು ವರ್ಷಗಳಲ್ಲಿ ನಮ್ಮ ಮನೆ ಬಾಗಿಲಿಗೆ ಒಂದು ಕರಪತ್ರವೂ ಬಂದದ್ದಿಲ್ಲ. ನಮ್ಮವರ ಬಳಿ ದುಡ್ಡಿಲ್ಲ ಅನ್ನುವುದು ಸುಮ್ನೆ ಮಾತು. ಕರಪತ್ರಕ್ಕೆ ಎಷ್ಟು ಖರ್ಚಾಗುತ್ತೆ?

ಈ ಫೆಬ್ರವರಿಯಲ್ಲಿ ಸೈರನ್ ಕೂಗಿದಾಗ ಅಮ್ಮನ ಜೊತೆ ಫೋನಿನಲ್ಲಿದ್ದೆ. ಅಲ್ಲಿ ಸಂಜೆ ಆರು. ಕಿಟಕಿ ತೆಗೆದು ಕೇಳಿಸಿದೆ.

"ನಿಮ್ಮಲ್ಲಿ ಶಿಫ್ಟ್ ಬಿಟ್ಟಿತಾ ಮಗಾ?" ಅಂದರು.