ಸತ್ಯಾಂಶ: ಬೆಳಿಗ್ಗೆ ಕುದಿಸಿದರೆ ಕೋಳಿ ಸಾರು ಸರಿಹೋಗುತ್ತದೆಯೇ?

ಯುಗಾದಿಯ ಕರಿ, ಅಂದರೆ ಹಬ್ಬದ ಮರುದಿನದ ಬಾಡೂಟ, ಬಂತೆಂದರೆ ವಿಜಯಪುರದ ಮೊಬೈಲ್‌ಗಳಲ್ಲಿ ಹರಿದಾಡುವ ಸಂದೇಶವಿದು: ‘ಉಳಿದ ಕೋಳಿ ಸಾರನ್ನು ಫ್ರಿಜ್‌ಗಿಟ್ಟರೆ ವಿಷ. ರಾತ್ರಿ ಹೊರಗಿಟ್ಟು ಬೆಳಿಗ್ಗೆ ಕುದಿಸಿ.’

ತಪ್ಪು. ಕುದಿಸಿದರೆ ಬಹುತೇಕ ಬ್ಯಾಕ್ಟೀರಿಯಾ ಸಾಯುತ್ತವೆ, ನಿಜ. ಆದರೆ ಅವುಗಳಲ್ಲೊಂದಾದ ಸ್ಟ್ಯಾಫಿಲೊಕಾಕಸ್ ಅಷ್ಟರಲ್ಲಿ ಬಿಟ್ಟ ವಿಷ ಕುದಿತಕ್ಕೂ ಜಗ್ಗುವುದಿಲ್ಲ. ವಾಸನೆ ಕೆಡದೆಯೂ ಅದು ಇರಬಹುದು. ಮೂಗಿಗೆ ಹಿಡಿದು ನೋಡುವ ನಮ್ಮ ಪರೀಕ್ಷೆ ಇಲ್ಲಿ ನಡೆಯದು.

ಬೇಯಿಸಿದ ಕೋಳಿ ಹೊರಗೆ 2 ಗಂಟೆ ಮೀರಿ ಇರಬಾರದು. 32 ಡಿಗ್ರಿ ದಾಟಿದ ಸೆಕೆಯಲ್ಲಿ 1 ಗಂಟೆ. ನಮ್ಮ ಬಿಸಿಲೂರಿಗೆ ಎರಡನೆಯ ಲೆಕ್ಕವೇ ಸರಿ. ದೊಡ್ಡ ಪಾತೇಲಿಯ ನಡುವೆ ಸಾರು ಬಹಳ ಹೊತ್ತು ಬೆಚ್ಚಗೇ ಇರುತ್ತದೆ. ಅಗಲವಾದ ಡಬ್ಬಿಗಳಿಗೆ ಎರಡು ಬೆರಳಿನಷ್ಟು ಸುರಿದು, ಹಬೆ ಇಳಿದೊಡನೆ ಫ್ರಿಜ್‌ನಲ್ಲಿಡಿ. 3–4 ದಿನ ತಡೆಯುತ್ತದೆ. ಬೇಕಾದಷ್ಟನ್ನೇ ತೆಗೆದು ಚೆನ್ನಾಗಿ ಕುದಿಸಿ. ಜೋಳದ ರೊಟ್ಟಿಗೆ ಮರುದಿನದ ಸಾರೇ ರುಚಿ ಎನ್ನುವವರೊಂದಿಗೆ ನನ್ನ ತಕರಾರಿಲ್ಲ.