ಕಿಡ್ನಿ ಕೊಟ್ಟವರಿಗೆ ಸರ್ಕಾರ ಹಣ ಕೊಡಬೇಕೇ?

ಪರ

ಕಿಡ್ನಿ ಕಸಿಯಲ್ಲಿ ದುಡ್ಡು ಕಾಣದವನು ಒಬ್ಬನೇ, ಕಿಡ್ನಿ ಕೊಟ್ಟವನು. ಸರ್ಜನ್ನಿಗೆ ಫೀಸು, ಆಸ್ಪತ್ರೆಗೆ ಬಿಲ್ಲು, ಔಷಧ ಕಂಪನಿಗೆ ಕಸಿ ಉಳಿದಿರುವಷ್ಟು ಕಾಲವೂ ಮಾತ್ರೆಯ ವ್ಯಾಪಾರ. ದಾನಿಗೆ ಮಾತ್ರ ಶಾಲು, ಹಾರ.

ಕಾರವಾರದ ಬೈತಖೋಲದಿಂದ ಬೋಟಿಗೆ ಹೋಗುವ ಖಲಾಸಿಯೊಬ್ಬ ತಮ್ಮನಿಗೆ ಕಿಡ್ನಿ ಕೊಡಲು ಮುಂದಾದ ಎನ್ನಿ. ಮಣಿಪಾಲಕ್ಕೋ ಮಂಗಳೂರಿಗೋ ಅಲೆಯಬೇಕು. ತಪಾಸಣೆಗೇ ಹಲವು ಸಲ. ಆಪರೇಷನ್ ಆದಮೇಲೆ ವಾರಗಟ್ಟಲೆ ಭಾರ ಎತ್ತುವಂತಿಲ್ಲ, ಬಲೆ ಎಳೆಯುವಂತಿಲ್ಲ. ಅವನದು ಪಾಲಿನ ದುಡಿಮೆ. ಕಡಲಿಗೆ ಇಳಿಯದಿದ್ದರೆ ಪಾಲಿಲ್ಲ. ಜೂನ್ 1ರಿಂದ 61 ದಿನ ಯಾಂತ್ರಿಕ ಬೋಟುಗಳಿಗೆ ಹೇಗೂ ನಿಷೇಧ. ತ್ಯಾಗ ಎಂಬ ದೊಡ್ಡ ಮಾತು ಹೇಳುವವರು ಆ ಮನೆಯ ರೇಷನ್ನಿನ ಲೆಕ್ಕವನ್ನೂ ಹೇಳಲಿ.

ಇರಾನಿನಲ್ಲಿ 1988ರಿಂದ ಸರ್ಕಾರದ ನಿಗಾದಲ್ಲೇ ಕಿಡ್ನಿಗೆ ಹಣ ಸಲ್ಲುತ್ತಿದೆ. ಅಲ್ಲಿ ರೋಗಿಯ ಕಿಸೆಯಿಂದಲೂ ದುಡ್ಡು ಹೋಗುತ್ತದೆ, ಕೆಡುಕು ಅಲ್ಲಿದೆ. ಸರ್ಕಾರವೇ ಕೊಟ್ಟು, ಕಿಡ್ನಿ ಯಾರಿಗೆಂಬುದನ್ನು ಸರದಿ ಪಟ್ಟಿಗೆ ಬಿಟ್ಟರೆ ಉಳ್ಳವನು ಬಡವನಿಂದ ಕೊಂಡಂತಾಗದು. ನಮ್ಮ 1994ರ ಮಾನವ ಅಂಗಾಂಗ ಕಸಿ ಕಾಯ್ದೆ ವ್ಯಾಪಾರ ಬೇಡ ಎಂದಿತು. ದಲ್ಲಾಳಿ ಹೋದನೇ?

ವಿರೋಧ

ಖಲಾಸಿಯ ಕಷ್ಟ ನಿಜ. ಆದರೆ ಅದು ಬೆಲೆ ಕಟ್ಟುವುದಕ್ಕೆ ವಾದವಾಗದು. ದಾನಿಯ ಖರ್ಚನ್ನೂ ಕಳೆದುಹೋದ ಗಳಿಕೆಯನ್ನೂ ತುಂಬಿಕೊಡುವುದನ್ನು ಅದೇ ಕಾಯ್ದೆ ವ್ಯಾಪಾರವೆಂದು ಎಣಿಸಿಯೇ ಇಲ್ಲ. ಮಾರಾಟಕ್ಕೆ ಮಾತ್ರ, 2011ರ ತಿದ್ದುಪಡಿಯಂತೆ, 5ರಿಂದ 10 ವರ್ಷ ಜೈಲು, 20 ಲಕ್ಷದಿಂದ 1 ಕೋಟಿ ರೂಪಾಯಿ ದಂಡ. ಇರುವ ಅವಕಾಶವನ್ನೇ ಬಳಸದೆ ಹೊಸ ರೇಟು ಗೊತ್ತುಮಾಡಲು ಹೊರಟಿದ್ದೇವೆ.

ರೇಟು ಇದ್ದಲ್ಲಿಗೆ ಬರುವವರು ಯಾರು? ಚೆನ್ನೈಯಲ್ಲಿ ಕಿಡ್ನಿ ಮಾರಿದ್ದ 305 ಜನರನ್ನು ಮಾತನಾಡಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಶೇ. 96 ಮಂದಿ ಸಾಲ ತೀರಿಸಲು ಮಾರಿದ್ದರು. ಆಮೇಲೆ ಮನೆಯ ಆದಾಯ ಸುಮಾರು ಮೂರನೇ ಒಂದು ಭಾಗ ಇಳಿದಿತ್ತು. ಸಾಲಕ್ಕೆಂದು ಮಾರಿದವರಲ್ಲಿ ಹೆಚ್ಚಿನವರ ಸಾಲ ಹಾಗೆಯೇ ಇತ್ತು. ಅದು ಕಳ್ಳಸಂತೆಯ ಕಥೆ ಎನ್ನಬಹುದು. ಸರ್ಕಾರಿ ಕೌಂಟರಿನ ಮುಂದೆ ನಿಲ್ಲುವವರೂ ಇದೇ ಸಾಲಗಾರರಲ್ಲವೇ? ಮೈಕ್ರೋಫೈನಾನ್ಸ್ ಸಾಲದ ವಸೂಲಿಯವರ ಕಾಟ ತಡೆಯಲು ನಮ್ಮ ರಾಜ್ಯ 2025ರಲ್ಲಿ ಕಾನೂನನ್ನೇ ತರಬೇಕಾಯಿತು. ಮನೆಜಗಲಿಯಲ್ಲಿ ಕೂತವನು, "ಅಕ್ಕಾ, ಸರ್ಕಾರವೇ ದುಡ್ಡು ಕೊಡ್ತದಲ್ಲ, ಒಂದು ಕೊಟ್ಟು ಕಂತು ತೀರಿಸಿಬಿಡಿ" ಎನ್ನಲು ಎಷ್ಟು ಹೊತ್ತು? ಪಟ್ಟಾದ ಜಮೀನಿನಂತೆ ಕಿಡ್ನಿಯೂ ಅಡಮಾನದ ಲೆಕ್ಕಕ್ಕೆ ಸೇರುತ್ತದೆ.

ದುಡ್ಡಿಗೆ ರಕ್ತ ಕೊಡುವುದನ್ನು 1998ರ ಜನವರಿ 1ರಿಂದ ನಿಲ್ಲಿಸಲಾಯಿತು. ರಕ್ತನಿಧಿಗಳು ಬಾಗಿಲು ಹಾಕಲಿಲ್ಲ.

ಖಲಾಸಿಗೆ ಕಳೆದುಕೊಂಡ ಪಾಲು ಆಸ್ಪತ್ರೆ ಬಿಡುವ ಮೊದಲೇ ಕೈಸೇರಲಿ. ವರ್ಷಕ್ಕೊಮ್ಮೆ ಬಿಪಿ, ಮೂತ್ರ, ಕಿಡ್ನಿಯ ಕೆಲಸ ತೋರಿಸುವ ಕ್ರಿಯೇಟಿನಿನ್ ಪರೀಕ್ಷೆ ಪುಕ್ಕಟೆ ಆಗಲಿ. ಅದಕ್ಕೆ ಮಣಿಪಾಲದವರೆಗೆ ಹೋಗಬೇಕಿಲ್ಲ, ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕ್ರಿಮ್ಸ್ ಸಾಕು.