ಈಗ ಮಾಲ್ಡೀವ್ಸ್‌ಗೆ ಹೋಗಬಹುದಾ ಸಾರ್?

ಯಾರಾದರೂ ಬಿಡಿಸಿ ಹೇಳಿ. ಈಗ ಮಾಲ್ಡೀವ್ಸ್‌ಗೆ ಹೋಗುವುದು ದೇಶಭಕ್ತಿಯೋ, ದೇಶದ್ರೋಹವೋ?

ನನಗಾಗಿ ಕೇಳುತ್ತಿಲ್ಲ. ನನ್ನ ಜೇಬಿಗೆ ಶ್ರೀರಂಗಪಟ್ಟಣವೇ ದ್ವೀಪ. ಸುತ್ತ ಕಾವೇರಿ ಇದೆ, ಬೆಂಗಳೂರಿನಿಂದ ರೈಲಿದೆ, ವಾಪಸ್ ಬರುವಾಗ ಮದ್ದೂರು ವಡೆ ಸಿಗುತ್ತದೆ. ಕೇಳುತ್ತಿರುವುದು ನಮ್ಮ ಚಿಕ್ಕಮ್ಮನ ಮಗನ ಪರವಾಗಿ. ಅವನ ಮದುವೆ 2023ರ ನವೆಂಬರ್ ಕೊನೆಯಲ್ಲಿ ಆಯಿತು. ಹನಿಮೂನಿಗೆ ರಜೆ ಹೊಂದಿಸುವಷ್ಟರಲ್ಲಿ ಧನುರ್ಮಾಸ ಬಂತು. "ಸಂಕ್ರಾಂತಿ ಕಳೀಲಿ ಕಣೋ, ಆಮೇಲೆ ಎಲ್ಲಿಗಾದ್ರೂ ಹೋಗಿ" ಅಂದರು ಚಿಕ್ಕಮ್ಮ. ಹುಡುಗ ಮಾತು ಕೇಳುವವನು. ಸಂಕ್ರಾಂತಿಯ ಮುಂದಿನ ವಾರಕ್ಕೆ ಮಾಲ್ಡೀವ್ಸ್ ರಾಜಧಾನಿ ಮಾಲೆಗೆ ಟಿಕೆಟ್ ಮಾಡಿಸಿದ. ನೀರಿನ ಮೇಲೆ ಮರದ ಕಾಲುಗಳ ಮನೆ, ಕೆಳಗೆ ಮೀನು, ಮೇಲೆ ಇಎಂಐ.

ಧನುರ್ಮಾಸ ನೋಡಿದ ಚಿಕ್ಕಮ್ಮ ಟ್ವಿಟರ್ ಪಂಚಾಂಗ ನೋಡಲಿಲ್ಲ. 2024ರ ಜನವರಿ 4ರಂದು ಪ್ರಧಾನಿಯವರು ಲಕ್ಷದ್ವೀಪದ ಕಡಲತೀರದ ಫೋಟೊಗಳನ್ನು ಹಾಕಿದರು. ಮಾಲ್ಡೀವ್ಸ್‌ನ ಮೂವರು ಉಪಮಂತ್ರಿಗಳು ಪ್ರಧಾನಿಯವರ ಬಗ್ಗೆ ಬಾಯಿಗೆ ಬಂದದ್ದು ಬರೆದರು. ಅವರ ಸರ್ಕಾರ ಅವರನ್ನು ಅಮಾನತು ಮಾಡಿತು. ಮಾಮೂಲಿಯಾಗಿ ಕಥೆ ಅಲ್ಲಿಗೆ ಮುಗಿಯಬೇಕು. ಮುಗಿಯಲಿಲ್ಲ, ಮಾಲ್ಡೀವ್ಸ್ ಬಹಿಷ್ಕರಿಸಿ ಅನ್ನೋ ಹ್ಯಾಶ್‌ಟ್ಯಾಗ್ ಎದ್ದಿತು ಅನ್ನೋದು ನಿಮಗೂ ಗೊತ್ತು.

ನಮ್ಮ ಸೋದರಮಾವ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಸೇನೆಯ ಮುಂದಾಳತ್ವ ವಹಿಸಿದರು. ಅವರು ಜೀವನದಲ್ಲಿ ಕಡಲು ದಾಟಿದ್ದು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪದವರೆಗೆ. ಅದೂ ವಾಂತಿ ಮಾಡಿಕೊಂಡು.

"ಕ್ಯಾನ್ಸಲ್ ಮಾಡು."

"ದುಡ್ಡು ವಾಪಸ್ ಬರಲ್ಲ ಮಾವ."

"ದೇಶಕ್ಕಿಂತ ದುಡ್ಡು ಹೆಚ್ಚಾ?"

ಹುಡುಗ ಏನೋ ಟೈಪ್ ಮಾಡಿದ. ಅಳಿಸಿದ. ಮತ್ತೆ ಟೈಪ್ ಮಾಡಿದ. ಕೊನೆಗೆ ಒಂದು ಕೈಮುಗಿಯುವ ಚಿತ್ರ ಬಂತು.

ಆ ವಾರ ಇಡೀ ದೇಶ ಮಾಲ್ಡೀವ್ಸ್ ತ್ಯಜಿಸಿತು. ಮಾಲ್ಡೀವ್ಸ್‌ಗೆ ಹೋಗುವ ಯಾವ ಯೋಗವೂ ಇಲ್ಲದವರೇ ಮುಂದೆ ನಿಂತು ತ್ಯಜಿಸಿದರು. ನಾನೂ ತ್ಯಜಿಸಿದೆ. ಇಷ್ಟು ಸುಖವಾದ ತ್ಯಾಗ ನನ್ನ ಪಾಲಿಗೆ ಹಿಂದೆಂದೂ ಬಂದಿರಲಿಲ್ಲ. ಅದೇ ಹುರುಪಿನಲ್ಲಿ ಸ್ವಿಟ್ಜರ್‌ಲೆಂಡನ್ನೂ ತ್ಯಜಿಸಲು ತಯಾರಿದ್ದೆ, ಯಾರೂ ಕರೆ ಕೊಡಲಿಲ್ಲ. ಒಬ್ಬ ಹಿಂದಿ ನಟರಂತೂ "ನಮ್ಮ ಲಕ್ಷದ್ವೀಪಕ್ಕೆ ಹೋಗಿ" ಎಂದು ಬರೆದು ಜೊತೆಗೆ ಮಾಲ್ಡೀವ್ಸ್‌ನ ಚಿತ್ರ ಹಾಕಿದರು. ಜನ ಹಿಡಿದರು, ಅವರು ತೆಗೆದರು. ಪಾಪ, ಅವರೊಬ್ಬರದೇ ತಪ್ಪಲ್ಲ. ಲಕ್ಷದ್ವೀಪ ಹೇಗಿದೆ ಅಂತ ಆವತ್ತು ಎಷ್ಟು ಜನರಿಗೆ ಗೊತ್ತಿತ್ತು? ನೀರಿನ ಮೇಲಿನ ವಿಲ್ಲಾಗಳ ಸಾಲು ಕಂಡರೆ ಅದು ಮಾಲ್ಡೀವ್ಸ್ ಅಂತ ಕಣ್ಣುಮುಚ್ಚಿ ಹೇಳಬಹುದಿತ್ತು. ಲಕ್ಷದ್ವೀಪದಲ್ಲಿ ಅಂಥದ್ದು ಇರಲೇ ಇಲ್ಲ.

ಲಕ್ಷದ್ವೀಪದ ಹುಡುಕಾಟ ಶೇ. 3,400ರಷ್ಟು ಏರಿದೆ ಎಂದು ಒಂದು ಪ್ರವಾಸ ಕಂಪನಿ ಹೆಮ್ಮೆಯಿಂದ ಹೇಳಿತು. ಏರಿದ್ದು ಹುಡುಕಾಟ ಮಾತ್ರ. ಸೀಟು ಏರಲಿಲ್ಲ. ಇಡೀ ಲಕ್ಷದ್ವೀಪಕ್ಕೆ ಇರುವುದು ಒಂದೇ ವಿಮಾನ ನಿಲ್ದಾಣ, ಅಗತ್ತಿ ದ್ವೀಪದಲ್ಲಿ. ರನ್‌ವೇ ಚಿಕ್ಕದು, ದೊಡ್ಡ ವಿಮಾನ ಇಳಿಯಲ್ಲ. ಆಗ ಇದ್ದದ್ದು ಕೊಚ್ಚಿಯಿಂದ ಎಪ್ಪತ್ತು ಚಿಲ್ಲರೆ ಸೀಟಿನ ಎಟಿಆರ್ ವಿಮಾನ, ಇಲ್ಲವೇ ಹಡಗು. ಹಡಗಿನಲ್ಲಿ ಹೋದರೆ ಹದಿನಾಲ್ಕು ಗಂಟೆಯೂ ಆಗಬಹುದು, ಹದಿನೆಂಟೂ ಆಗಬಹುದು. ನವದಂಪತಿಗಳು ಒಬ್ಬರ ಬೆನ್ನನ್ನು ಒಬ್ಬರು ನೀವುತ್ತಾ ಕೂರಬಹುದು, ಅದೂ ಒಂದು ಬಗೆಯ ಅನ್ಯೋನ್ಯತೆಯೇ.

ಅದಕ್ಕೂ ಮೊದಲು ಪರ್ಮಿಟ್. ಮಾಲ್ಡೀವ್ಸ್‌ನಲ್ಲಿ ನಾವು ಇಳಿದ ಮೇಲೆ ವೀಸಾ ಪುಕ್ಕಟೆ ಒತ್ತುತ್ತಾರೆ. ನಮ್ಮದೇ ದೇಶದ ಲಕ್ಷದ್ವೀಪಕ್ಕೆ ನಾವು ಪ್ರವೇಶದ ಅನುಮತಿ ಪಡೆಯಬೇಕು. 1967ರ ನಿಯಮ. ನಮ್ಮ ಹುಡುಗ ಅರ್ಜಿಗೆ ಕಾಗದ ಹೊಂದಿಸಲು ಪೊಲೀಸ್ ಠಾಣೆಗೆ ಹೋದ. "ಏನು ಕೇಸು?" ಅಂದರು ಒಳಗಿದ್ದವರು. "ಹನಿಮೂನು ಸಾರ್" ಅಂದ. ಆ ನಿಯಮವನ್ನು ನಾನು ಗೇಲಿ ಮಾಡುವುದಿಲ್ಲ. ಅದು ಇರುವುದು ಅಲ್ಲಿನ ಜನರನ್ನು ನಮ್ಮಿಂದ ಕಾಪಾಡಲು. ನಮ್ಮನ್ನು ನೋಡಿದರೆ ಸರಿಯಾದ ನಿಯಮವೇ ಅನ್ನಿಸುತ್ತದೆ.

ಇನ್ನೊಂದು ಆಘಾತ ಬಾಕಿ ಇತ್ತು. ಹ್ಯಾಶ್‌ಟ್ಯಾಗ್ ಯೋಧರಲ್ಲಿ ಒಬ್ಬರು ಮೆಲ್ಲಗೆ ಬಂದು ಕೇಳಿದರು: "ಅಲ್ಲಿ ಎಣ್ಣೆ ಸಿಗುತ್ತಾ?" ಸಿಗಲ್ಲ ಸ್ವಾಮಿ. ಪಾನನಿಷೇಧ ಇದೆ, ಜನವಸತಿ ಇಲ್ಲದ ಬಂಗಾರಂ ದ್ವೀಪ ಒಂದಕ್ಕೆ ವಿನಾಯಿತಿ. ಅವರ ಮುಖದಲ್ಲಿ ದೇಶಭಕ್ತಿ ಇಳಿದುಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಬಂಗಾರಂ ಅಂದ ಕೂಡಲೇ ನೆನಪಾಯಿತು. ದಂಪತಿಗಳ ದ್ವೀಪವಾಸ ರಾಜಕೀಯವಾದದ್ದು ಇದೇ ಮೊದಲಲ್ಲ. 1987ರ ಕೊನೆಯಲ್ಲಿ ರಾಜೀವ್ ಗಾಂಧಿ ಕುಟುಂಬ ಹೊಸ ವರ್ಷಕ್ಕೆ ಬಂಗಾರಂಗೆ ಹೋಗಿತ್ತು. ಯುದ್ಧನೌಕೆ ವಿರಾಟ್ ಅನ್ನು ಸ್ವಂತ ಟ್ಯಾಕ್ಸಿಯ ಹಾಗೆ ಬಳಸಿದರು ಎಂಬ ಆರೋಪ 2019ರ ಚುನಾವಣೆಯ ಭಾಷಣಕ್ಕೆ ಬಂತು. ಹಾಗೇನೂ ಇಲ್ಲ ಎಂದು ಆಗಿನ ನೌಕಾಪಡೆಯ ಹಿರಿಯರು ಹೇಳಿದರು. ಮೂವತ್ತು ವರ್ಷ ದಾಟಿದರೂ ಒಂದು ರಜೆ ಮುಗಿದಿರಲಿಲ್ಲ ನೋಡಿ. ನಮ್ಮ ಹುಡುಗನಿಗೆ ಇದನ್ನು ಹೇಳಿದೆ. ಅವನಿಗೆ ಅಷ್ಟೇನೂ ಸಮಾಧಾನ ಆದಂತೆ ಕಾಣಲಿಲ್ಲ.

ಇನ್ನು ಲಕ್ಷದ್ವೀಪ "ನಮ್ಮದು" ಅಂದವರಿಗೆ ಒಂದು ವಿಷಯ. ಕನ್ನಡಿಗರೇ, ಅದರಲ್ಲಿ ಒಂದು ಪಾಲು ನಿಜಕ್ಕೂ ನಮ್ಮ ಜಿಲ್ಲೆಯೊಳಗೇ ಇತ್ತು. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್, ಬಿತ್ರಾ. ಅಮಿನ್‌ದಿವಿ ದ್ವೀಪಗಳು ಅಂತ ಕರೆಯುತ್ತಿದ್ದರು. ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆ ಸಾಕಾಗಿ ಅಲ್ಲಿನ ಜನ 1780ರ ದಶಕದಲ್ಲಿ ಟಿಪ್ಪುವಿನ ಮೊರೆ ಹೋದರು. ಟಿಪ್ಪು ಅವನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿಯ ಕೈಗೆ ಬಂದವು. ಆಮೇಲೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ, ಮಂಗಳೂರಿನಲ್ಲಿ ಕೂತ ಕಲೆಕ್ಟರ್ ಅವುಗಳ ಉಸ್ತುವಾರಿ ನೋಡುತ್ತಿದ್ದರು. ದ್ವೀಪದವರು ತೆಂಗಿನ ನಾರು ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಮಂಗಳೂರಿನ ಹಳೇ ಬಂದರಿನವರಿಗೆ ಈ ನಂಟು ಇಂದಿಗೂ ಗೊತ್ತು. ಅವರು ಹ್ಯಾಶ್‌ಟ್ಯಾಗ್ ಹಾಕಿದ್ದು ನಾನು ನೋಡಿಲ್ಲ. ಅವರು ದ್ವೀಪಕ್ಕೆ ಸಾಮಾನು ತುಂಬುತ್ತಿದ್ದರು.

1956ರ ನವೆಂಬರ್ 1ರಂದು ಆ ಐದೂ ದ್ವೀಪಗಳು ಕೇಂದ್ರದ ಪಾಲಾದವು. ಹೌದು, ನಾವು ಬಾವುಟ ಹಾರಿಸಿ ಆರ್ಕೆಸ್ಟ್ರಾ ಇಡುವ ಅದೇ ನವೆಂಬರ್ 1. ಅದೇ ದಿನ ಹೋದ ಕಾಸರಗೋಡಿಗೆ ನಾವು ಇವತ್ತಿಗೂ ಕಣ್ಣೀರಿಡುತ್ತೇವೆ. ಅಮಿನಿಗಾಗಿ ಒಬ್ಬನಾದರೂ ಅತ್ತದ್ದುಂಟಾ? ಬಿಡಿ, ಇರಲಿ. ಈಗ ನೆನಪಿಸಿದ್ದೇ ತಪ್ಪಾದೀತು. ನಾಳೆ ಯಾರಾದರೂ ಮಂಗಳೂರಿನಿಂದ ದೋಣಿಯಲ್ಲಿ ಅಮಿನಿ ಚಲೋ ಹೊರಟರೆ ನಾನು ಹೊಣೆಯಲ್ಲ.

ಮೊದಲಿನ ಮಾತಿಗೆ ಬರೋಣ. ಹುಡುಗ ಮಾಲೆ ಕೈಬಿಟ್ಟ, ಅಗತ್ತಿಗೆ ಸೀಟು ಸಿಗಲಿಲ್ಲ, ಮಡಿಕೇರಿಗೆ ಹೋಗಿ ಬಂದ. ಇಎಂಐ ಮಾತ್ರ ಪ್ರತಿ ತಿಂಗಳು ಮಾಲ್ಡೀವ್ಸ್‌ಗೆ ಹೋಗುತ್ತಲೇ ಇತ್ತು. 2023ರಲ್ಲಿ ಅಲ್ಲಿಗೆ ಹೋದ ಭಾರತೀಯರು ಎರಡು ಲಕ್ಷ ದಾಟಿದ್ದರು, ನಾವೇ ಮೊದಲ ಸ್ಥಾನದಲ್ಲಿದ್ದೆವು. 2024ರಲ್ಲಿ ಅದು 1.3 ಲಕ್ಷದ ಆಸುಪಾಸಿಗೆ ಇಳಿಯಿತು. ನಮ್ಮ ಮಾವ ಅದನ್ನು ತಮ್ಮ ಗೆಲುವು ಅಂದುಕೊಂಡರು. ಅದೇ ವರ್ಷ ಆ ದೇಶಕ್ಕೆ ಬಂದ ಒಟ್ಟು ಪ್ರವಾಸಿಗರು ಮೊದಲ ಸಲ ಇಪ್ಪತ್ತು ಲಕ್ಷ ದಾಟಿದರು ಅಂತ ನಾನು ಅವರಿಗೆ ಹೇಳಲಿಲ್ಲ. ಬಿಪಿ ಇದೆ ಅವರಿಗೆ.

ಅಕ್ಟೋಬರ್‌ನಲ್ಲಿ ಮಾಲ್ಡೀವ್ಸ್ ಅಧ್ಯಕ್ಷ ಮುಯಿಝು ಪತ್ನಿ ಸಮೇತ ನಮ್ಮಲ್ಲಿಗೆ ಬಂದರು. ದೆಹಲಿಯ ಸತ್ಕಾರ ಮುಗಿಸಿ ಆಗ್ರಾಕ್ಕೆ ಹೋದರು, ತಾಜ್ ಮಹಲ್ ಮುಂದೆ ಇಬ್ಬರೂ ಫೋಟೊ ತೆಗೆಸಿಕೊಂಡರು. ಮುಂಬೈ ನೋಡಿದರು. ಬೆಂಗಳೂರಿಗೂ ಬಂದು ಹೋದರು. ಅಂದರೆ ಎರಡೂ ದೇಶಗಳ ನಡುವೆ ದಂಪತಿ ಪ್ರವಾಸ ನಿಂತಿರಲಿಲ್ಲ. ನಮ್ಮ ಹುಡುಗನದು ಮಾತ್ರ ನಿಂತಿತ್ತು. 2025ರ ಜುಲೈನಲ್ಲಿ ನಮ್ಮ ಪ್ರಧಾನಿ ಮಾಲೆಗೆ ಹೋಗಿ ಅವರ ಅರವತ್ತನೇ ಸ್ವಾತಂತ್ರ್ಯೋತ್ಸವಕ್ಕೆ ಮುಖ್ಯ ಅತಿಥಿಯಾದರು. ರೂ. 4,850 ಕೋಟಿ ಸಾಲದ ನೆರವು ಘೋಷಣೆಯಾಯಿತು. ನೆರೆಯವರ ಜೊತೆ ಚೆನ್ನಾಗಿರಬೇಕು, ಒಳ್ಳೆಯದೇ ಆಯಿತು. ಮಾವ ಗ್ರೂಪಿನಲ್ಲಿ "ಮಾಸ್ಟರ್‌ಸ್ಟ್ರೋಕ್" ಎಂದು ಹಾಕಿದರು. 2024ರ ಜನವರಿಯಲ್ಲೂ ಅದೇ ಪದ ಹಾಕಿದ್ದರು.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಿದ್ದರು ಹಿರಿಯರು. ಈಗಿನ ಗಂಡ ಹೆಂಡಿರು ವಿದೇಶಾಂಗ ಇಲಾಖೆಯ ಪತ್ರಿಕಾಗೋಷ್ಠಿ ಮುಗಿಯೋ ತನಕ ಕಾಯಬೇಕು. ಅದು ಮುಗಿದರೂ ಮಾವನವರ ಅನುಮೋದನೆ ಬಾಕಿ ಇರುತ್ತದೆ.

ಇಷ್ಟರಲ್ಲಿ ನಮಗೆ ಕೋಪ ಬರಬೇಕಾದ ಜಾಗದಲ್ಲಿ ಬರಲೇ ಇಲ್ಲ. 2024ರ ಮಾರ್ಚ್ ನೆನಪಿದೆಯಾ? ಬೆಂಗಳೂರಿನಲ್ಲಿ ಬೋರ್‌ವೆಲ್ ಬತ್ತಿ, ಅಪಾರ್ಟ್‌ಮೆಂಟಿನವರು ಟ್ಯಾಂಕರ್ ಹಿಂದೆ ಓಡುತ್ತಿದ್ದರು. ಆ ತಿಂಗಳ 31ನೇ ತಾರೀಕು ಬೆಂಗಳೂರಿನಿಂದ ಅಗತ್ತಿಗೆ ನೇರ ವಿಮಾನ ಶುರುವಾಯಿತು. ಸ್ನಾನಕ್ಕೆ ನೀರಿಲ್ಲದ ಊರಿನಿಂದ ಕುಡಿಯಲೂ ನೀರು ಸಾಲದ ಊರಿಗೆ. ಲಕ್ಷದ್ವೀಪವೆಲ್ಲ ಸೇರಿದರೂ 32 ಚದರ ಕಿಲೋಮೀಟರ್. ಜನ ಇರುವುದು ಹತ್ತು ದ್ವೀಪಗಳಲ್ಲಿ, 2011ರ ಗಣತಿಯಲ್ಲೇ 64 ಸಾವಿರ ಮಂದಿ. ಅಲ್ಲಿ ನದಿ ಇಲ್ಲ. ಮರಳಿನ ಕೆಳಗೆ ಉಪ್ಪುನೀರಿನ ಮೇಲೆ ತೇಲುವ ತೆಳ್ಳಗಿನ ಸಿಹಿನೀರಿನ ಪದರ, ಅಷ್ಟೇ. ಜಾಸ್ತಿ ಎಳೆದರೆ ಉಪ್ಪು ಮೇಲೆ ಬರುತ್ತದೆ. ಕವರತ್ತಿಯಲ್ಲಿ 2005ರಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಇಟ್ಟರು, ದಿನಕ್ಕೆ ಒಂದು ಲಕ್ಷ ಲೀಟರ್. ನಮ್ಮ ಟ್ಯಾಂಕರ್ ಲೆಕ್ಕದಲ್ಲಿ ಎಷ್ಟು ಲೋಡ್ ಆಗುತ್ತದೆ ನೀವೇ ಹೇಳಿ. ಅದೇ 2024ರ ಬೇಸಿಗೆಯಲ್ಲಿ ಕಡಲು ಕಾದು ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು ಎಂದು ಸರ್ಕಾರದ್ದೇ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹೇಳಿತು. ಹವಳ ಸತ್ತರೆ ಆ ದ್ವೀಪಗಳಿಗೆ ತಡೆಗೋಡೆಯೇ ಇಲ್ಲ. ಇದಕ್ಕೆ ಯಾರೂ ಹ್ಯಾಶ್‌ಟ್ಯಾಗ್ ಮಾಡಲಿಲ್ಲ. ಹವಳ ಯಾರಿಗೂ ಬೈದಿರಲಿಲ್ಲವಲ್ಲ.

ಇನ್ನೂ ಇದೆ. ಪ್ರಧಾನಿಯವರು ಮಾಲೆಗೆ ಹೋದ 2025ರ ಜುಲೈನಲ್ಲೇ, ಬಿತ್ರಾ ದ್ವೀಪದ ಜಮೀನೆಲ್ಲ ರಕ್ಷಣಾ ಉದ್ದೇಶಕ್ಕೆ ಬೇಕು, ಪರಿಣಾಮದ ಅಧ್ಯಯನ ಮಾಡಿ ಎಂದು ಲಕ್ಷದ್ವೀಪ ಆಡಳಿತ ಅಧಿಸೂಚನೆ ಹೊರಡಿಸಿತು. ಒಂದು ಕಾಲಕ್ಕೆ ಮಂಗಳೂರಿನ ಕಲೆಕ್ಟರ್ ಕೈಕೆಳಗಿದ್ದ ಅದೇ ಬಿತ್ರಾ. 2011ರ ಗಣತಿಯಲ್ಲಿ ಅಲ್ಲಿದ್ದದ್ದು 271 ಜನ. ಅವರು ಬೀದಿಗಿಳಿದು ನಮ್ಮ ನೆಲ ಬಿಡಲ್ಲ ಅಂದರು. ಅವರ ಮರ್ಯಾದೆಗಾಗಿ 2024ರ ಜನವರಿಯಲ್ಲಿ ಕಿರುಚಿದ ಕೋಟಿಗಟ್ಟಲೆ ಜನ ಆಗ ಎಲ್ಲಿ ಹೋದರು? ದ್ವೀಪ ನಮ್ಮದಂತೆ, ದ್ವೀಪದವರು ಯಾರದೋ ಅಂತೆ. ಇದಕ್ಕೆ ನಗು ಬರುತ್ತಿಲ್ಲ, ಸಾಕಾಗಿದೆ.

ಹುಡುಗನಿಗೆ ಮೊನ್ನೆ ಬೇರೆ ದಾರಿ ತೋರಿಸಲು ನೋಡಿದೆ. ನಮ್ಮಲ್ಲೇ ನೇತ್ರಾಣಿ ಇದೆಯಲ್ಲ, ಮುರುಡೇಶ್ವರದಿಂದ ದೋಣಿ. ಮೇಲಿಂದ ನೋಡಿದರೆ ಹೃದಯದ ಆಕಾರ ಅಂತ ಪ್ರವಾಸೋದ್ಯಮದವರು ಕೊಂಡಾಡುತ್ತಾರೆ. ಆ ಹೃದಯವನ್ನೇ ಗುರಿ ಮಾಡಿಕೊಂಡು ನೌಕಾಪಡೆ ಹಿಂದೆ ಗುಂಡಿನ ಅಭ್ಯಾಸ ಮಾಡುತ್ತಿತ್ತು. ಮದುವೆಯಾದವರಿಗೆ ಇದಕ್ಕಿಂತ ಒಪ್ಪುವ ಜಾಗ ಎಲ್ಲಿದೆ ಹೇಳಿ. ರಾತ್ರಿ ಉಳಿಯುವಂತಿಲ್ಲ ಅನ್ನೋದೊಂದೇ ಕೊರತೆ.

ಅಂಡಮಾನ್ ಆಗಬಹುದಾ ಅಂದ. ಪ್ಯಾಕೇಜ್ ಚೀಟಿ ತೆಗೆದು ನೋಡಿದೆವು. ಮೊದಲ ದಿನ: ವಿಮಾನ ನಿಲ್ದಾಣದಲ್ಲಿ ಹೂವಿನ ಸ್ವಾಗತ, ಸಂಜೆ ಸೆಲ್ಯುಲಾರ್ ಜೈಲು, ಧ್ವನಿ ಬೆಳಕು ಕಾರ್ಯಕ್ರಮ. ಎರಡನೇ ದಿನ: ಮೇಣದಬತ್ತಿಯ ಊಟ. ಇಲ್ಲೊಂದು ಹಳೇ ಜೋಕಿದೆ, ನಾನು ಮಾಡಲ್ಲ, ಮನೆಯಲ್ಲಿ ಇದನ್ನೂ ಓದುತ್ತಾರೆ. ನೇಣುಗಂಬ ಇರುವ ಕೋಣೆಯ ಮುಂದೆ ಹೊಸ ಜೋಡಿಗಳು ಸೆಲ್ಫಿ ತೆಗೆಯಲು ಸಾಲು ನಿಲ್ಲುವುದು ಮಾತ್ರ ನನ್ನ ತಲೆಗೆ ಹೋಗುವುದೇ ಇಲ್ಲ. ಹ್ಯಾವ್ಲಾಕ್ 2018ರಿಂದ ಸ್ವರಾಜ್ ದ್ವೀಪ. ಪ್ಯಾಕೇಜ್ ಮಾರುವವರಿಗೆ ಇನ್ನೂ ಹ್ಯಾವ್ಲಾಕ್ ಅಂದರೇ ರೇಟು.

"ಹಾಗಾದ್ರೆ ಇನ್ನೂ ಕೆಳಗಿನ ಗ್ರೇಟ್ ನಿಕೋಬಾರ್? ಅಲ್ಲಿ ದಟ್ಟ ಮಳೆಕಾಡು ಇದೆಯಂತೆ" ಅಂದ ಹುಡುಗ, ಭೂಪಟ ನೋಡುತ್ತಾ.

ಇದೆ, ಸದ್ಯಕ್ಕೆ. ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ, ಹೊಸ ಊರು ಕಟ್ಟಲು ಸುಮಾರು 130 ಚದರ ಕಿಲೋಮೀಟರ್ ಕಾಡು ಹೋಗುತ್ತದೆ. ಸರ್ಕಾರ ಸಂಸತ್ತಿಗೆ ಕೊಟ್ಟ ಲೆಕ್ಕದಲ್ಲೇ ಮರಗಳು 9.64 ಲಕ್ಷ. ಲೆದರ್‌ಬ್ಯಾಕ್ ಆಮೆಗಳು ಮೊಟ್ಟೆ ಇಡುವ ಗಲಾಥಿಯಾ ಕೊಲ್ಲಿಯ ವನ್ಯಧಾಮವನ್ನು 2021ರಲ್ಲಿ ಪಟ್ಟಿಯಿಂದಲೇ ತೆಗೆದರು. ಹಾಗಂತ ಗಾಬರಿ ಬೇಡ. ಕಡಿದ ಕಾಡಿಗೆ ಬದಲಿ ಕಾಡು ಬೆಳೆಸಲು ಜಾಗ ಗೊತ್ತುಮಾಡಿದ್ದಾರೆ. ಹರಿಯಾಣದಲ್ಲಿ.

ಆದ್ದರಿಂದ ತಮ್ಮಾ, ದೆಹಲಿಗೆ ಟಿಕೆಟ್ ಮಾಡಿಸು. ಪರ್ಮಿಟ್ ಬೇಡ, ಹಡಗು ಬೇಡ, ವಾಂತಿ ಇಲ್ಲ. ಅಲ್ಲಿಂದ ಹರಿಯಾಣಕ್ಕೆ ಬಸ್ ಸಿಗುತ್ತೆ. ಕಡಲು ಕೂಡ ಅಲ್ಲಿಗೇ ಬರುತ್ತಾ ಅಂತ ಸ್ವಲ್ಪ ವಿಚಾರಿಸಿಕೊಂಡು ಹೋಗು.